ಸಿಂಗಪುರದಲ್ಲಿ ಐದು ದಿನ: ಅಮ್ಮ ಸಸ್ಯಾಹಾರಿ, ನಾನು ಎಲ್ಲ ತಿನ್ನುವವನು. ಒಂದೇ ಟೇಬಲ್‌ನಲ್ಲಿ ಊಟ ಆಗುತ್ತಾ?

ಬಾಳೆಎಲೆ_ಊಟ:

ಎಲ್ಲರಿಗೂ ನಮಸ್ಕಾರ. ಬರುವ ತಿಂಗಳು ಅಮ್ಮನನ್ನು ಕರೆದುಕೊಂಡು ಐದು ದಿನ ಸಿಂಗಪುರಕ್ಕೆ ಹೋಗುತ್ತಿದ್ದೇನೆ. ಟಿಕೆಟ್, ಹೋಟೆಲ್, ನೋಡುವ ಜಾಗ ಎಲ್ಲ ಆಗಿದೆ. ಉಳಿದಿರುವುದು ಊಟದ ಚಿಂತೆ.

ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಸೋಮವಾರ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ನಾನು ಕೆಲಸಕ್ಕೆ ಸೇರಿದ ಮೇಲೆ ಮೀನು, ಕೋಳಿ ಎಲ್ಲ ಕಲಿತವನು. ಅಮ್ಮನಿಗೂ ಗೊತ್ತು, ಎದುರಿಗೆ ಕೂತು ತಿಂದರೆ ಅವರಿಗೆ ಬೇಜಾರಿಲ್ಲ.

ಎರಡು ವರ್ಷದ ಹಿಂದೆ ಬೇರೆ ಒಂದು ದೇಶಕ್ಕೆ ಹೋಗಿದ್ದೆವು. ನಾಲ್ಕು ದಿನವೂ ಅಮ್ಮ ರೂಮಿನಲ್ಲಿ ಕೂತು ಮನೆಯಿಂದ ತಂದ ಅವಲಕ್ಕಿ, ಚಟ್ನಿಪುಡಿ ತಿಂದರು, ನಾನು ಹೊರಗೆ ತಿಂದು ಬಂದೆ. ವಾಪಸ್ ಬಂದ ಮೇಲೆ ಪಕ್ಕದ ಮನೆಯವರು "ಅಲ್ಲಿ ಏನು ತಿಂದಿರಿ?" ಎಂದು ಕೇಳಿದಾಗ ಅಮ್ಮನ ಹತ್ತಿರ ಹೇಳುವುದಕ್ಕೆ ಏನೂ ಇರಲಿಲ್ಲ. ಅದು ನನ್ನ ಮನಸ್ಸಿನಲ್ಲಿ ಹಾಗೇ ಉಳಿದಿದೆ. ಈ ಸಲ ಹಾಗಾಗಬಾರದು.

ಲಿಟಲ್ ಇಂಡಿಯಾದಲ್ಲಿ ಇಡ್ಲಿ ದೋಸೆ ಸಿಗುತ್ತದೆ ಅಂತ ಗೊತ್ತು. ಆದರೆ ಐದೂ ದಿನ ಅದನ್ನೇ ತಿನ್ನುವುದಕ್ಕೆ ಅಷ್ಟು ದೂರ ಹೋಗಬೇಕಾ? ಆ ಊರಿನ ಊಟವನ್ನೇ ಅಮ್ಮನೂ ತಿನ್ನಬೇಕು, ನಾನೂ ತಿನ್ನಬೇಕು, ಒಟ್ಟಿಗೆ ಕೂತು ತಿನ್ನಬೇಕು. ಅಲ್ಲಿ ಇದ್ದವರು, ಹೋಗಿ ಬಂದವರು ದಯವಿಟ್ಟು ಹೇಳಿ. ಬೆಳಗಿನ ಕಾಫಿ ಬಗ್ಗೆಯೂ ಹೇಳಿ, ಅದಿಲ್ಲದೆ ಅಮ್ಮನ ದಿನ ಶುರುವಾಗುವುದಿಲ್ಲ.

---

ಫ್ಯಾರರ್‌ಪಾರ್ಕ್_ಹಳಬ:

ಒಂಬತ್ತು ವರ್ಷ ಅಲ್ಲೇ ಇದ್ದೆ. ನೀವು ಕೇಳಿದ್ದಕ್ಕೆ ಸಿಂಗಪುರದಷ್ಟು ಹೊಂದುವ ಊರು ಇನ್ನೊಂದಿಲ್ಲ ಅಂತಲೇ ಹೇಳುತ್ತೇನೆ. ಯಾಕೆಂದರೆ ಅಲ್ಲಿ ಹಾಕರ್ ಸೆಂಟರ್‌ಗಳಿವೆ. ಒಂದು ದೊಡ್ಡ ಸೂರು, ಸುತ್ತ ಸಾಲಾಗಿ ಪುಟ್ಟ ಪುಟ್ಟ ಅಂಗಡಿ, ನಡುವೆ ಎಲ್ಲರಿಗೂ ಸೇರಿದ ಟೇಬಲ್. ಚೀನೀ, ಮಲಯ್, ತಮಿಳು ಅಡುಗೆ ಎಲ್ಲ ಪಕ್ಕಪಕ್ಕದಲ್ಲಿ. ನೀವು ಒಂದು ಅಂಗಡಿಯಿಂದ ತನ್ನಿ, ಅಮ್ಮನಿಗೆ ಇನ್ನೊಂದರಿಂದ ತನ್ನಿ, ಒಂದೇ ಟೇಬಲ್‌ನಲ್ಲಿ ಕೂತು ತಿನ್ನಿ. ಯಾರೂ ಏನೂ ಅನ್ನುವುದಿಲ್ಲ. ಮೊದಲು ಇವರೆಲ್ಲ ಬೀದಿ ಬದಿಯಲ್ಲಿ ಗಾಡಿ ಇಟ್ಟುಕೊಂಡು ಮಾರುತ್ತಿದ್ದವರು, 1970ರ ದಶಕದಿಂದ ಸರ್ಕಾರ ನಲ್ಲಿ ನೀರು, ಚರಂಡಿ ಇರುವ ಇಂಥ ಕಟ್ಟಡಗಳಿಗೆ ಅವರನ್ನು ಕರೆತಂದಿತು. ಈಗ ಇಂಥವು ನೂರಕ್ಕೂ ಜಾಸ್ತಿ ಇವೆ. 2020ರಲ್ಲಿ ಈ ಹಾಕರ್ ಸಂಸ್ಕೃತಿ ಯುನೆಸ್ಕೋದ ಪರಂಪರೆ ಪಟ್ಟಿಗೂ ಸೇರಿತು.

ಟೇಬಲ್ ಮೇಲೆ ಟಿಶ್ಯೂ ಪೇಪರಿನ ಪುಟ್ಟ ಪ್ಯಾಕೆಟ್ ಇದ್ದರೆ ಅದು ಯಾರೋ ಹಿಡಿದಿಟ್ಟ ಜಾಗ, ಕೂರಬೇಡಿ. ಬಸ್ಸಿನ ಸೀಟಿಗೆ ನಾವು ಟವೆಲ್ ಹಾಕುವ ಹಾಗೆ. ಅದಕ್ಕೆ ಅಲ್ಲಿ 'ಚೋಪ್' ಅನ್ನುತ್ತಾರೆ. ತಿಂದಾದ ಮೇಲೆ ತಟ್ಟೆ, ಟ್ರೇ ನೀವೇ ತೆಗೆದುಕೊಂಡು ಹೋಗಿ ಇಡಬೇಕು, 2021ರಿಂದ ಅದು ಕಾನೂನು. ಇನ್ನೊಂದು, ಅಮ್ಮ ಚೀಲದಲ್ಲಿ ಚಕ್ಕುಲಿ ಇಟ್ಟುಕೊಂಡು ಬಂದರೆ ಮೆಟ್ರೋದಲ್ಲಿ ತೆಗೆಯಬೇಡಿ. ಅಲ್ಲಿ ತಿನ್ನುವುದು, ಕುಡಿಯುವುದು ಎರಡಕ್ಕೂ ದಂಡ ಇದೆ.

ಈಗ ಅಮ್ಮನ ಊಟ. ಬಹಳ ಹಾಕರ್ ಸೆಂಟರ್‌ಗಳಲ್ಲಿ ಚೀನೀ ಸಸ್ಯಾಹಾರಿ ಅಂಗಡಿ ಒಂದಾದರೂ ಇರುತ್ತದೆ. ಬೌದ್ಧರ ಪದ್ಧತಿಯ ಅಡುಗೆ ಅದು. ಸಾಮಾನ್ಯವಾಗಿ ಈರುಳ್ಳಿ ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ, ಅಂದರೆ ನಿಮ್ಮ ಸೋಮವಾರಕ್ಕೂ ಆಯಿತು. ಬೀ ಹೂನ್ ಕೇಳಿ, ಅಕ್ಕಿ ಶ್ಯಾವಿಗೆ ಹುರಿದಿರುತ್ತಾರೆ, ಮೇಲೆ ಎಲೆಕೋಸು, ತೋಫು ಹಾಕಿಕೊಡುತ್ತಾರೆ. ಮೊಟ್ಟೆ ಇದೆಯಾ ಅಂತ ಮಾತ್ರ ಕೇಳಿಯೇ ತೆಗೆದುಕೊಳ್ಳಿ. ಅಮ್ಮನಿಗೆ ಒಂದು ವಿಷಯ ಮೊದಲೇ ಹೇಳಿಡಿ: ಆ ಅಂಗಡಿಗಳಲ್ಲಿ ಸೋಯಾ, ಗೋಧಿ ಅಂಟಿನಿಂದ ಮಾಂಸದ ಹಾಗೇ ಕಾಣುವ ತುಂಡುಗಳನ್ನು ಮಾಡಿ ಇಟ್ಟಿರುತ್ತಾರೆ. ನನ್ನ ಅತ್ತೆ ಅದನ್ನು ನೋಡಿ ತಟ್ಟೆ ದೂಡಿ ಎದ್ದುಬಿಟ್ಟಿದ್ದರು. ಬೇಡ ಎಂದರೆ ಹಾಕುವುದಿಲ್ಲ.

ವಾಟರ್‌ಲೂ ಸ್ಟ್ರೀಟ್‌ಗೆ ಒಂದು ಬೆಳಗ್ಗೆ ಖಂಡಿತ ಹೋಗಿ. ಅಲ್ಲಿ ಚೀನೀಯರ ಕ್ವಾನ್ ಇಮ್ ದೇವಸ್ಥಾನ, ಅದರ ಪಕ್ಕದಲ್ಲೇ ಕೃಷ್ಣನ ದೇವಸ್ಥಾನ. ಚೀನೀ ಅಜ್ಜಿಯರು ಅಲ್ಲಿ ಕೈಮುಗಿದು, ಇಲ್ಲಿ ಬಂದು ಕೃಷ್ಣನ ಮುಂದೆಯೂ ಊದುಬತ್ತಿ ಹಚ್ಚಿ ಹೋಗುತ್ತಾರೆ. ಅಮ್ಮನಿಗೆ ಇಷ್ಟವಾಗುತ್ತದೆ. ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಫಾರ್ಚೂನ್ ಸೆಂಟರ್ ಅನ್ನುವ ಹಳೇ ಕಟ್ಟಡ ಇದೆ. ಅದರ ತುಂಬ ಸಸ್ಯಾಹಾರಿ ಅಂಗಡಿಗಳು.

---

ತೊರಕೆ_ಪ್ರಿಯ:

ಮಂಗಳೂರಿನವನು, ಎರಡು ಸಲ ಹೋಗಿ ಬಂದಿದ್ದೇನೆ, ಹಾಗಾಗಿ ನಿಮ್ಮ ತಟ್ಟೆಯ ಬಗ್ಗೆ ಮಾತ್ರ ಹೇಳುತ್ತೇನೆ.

ಲಕ್ಸಾ ಬಿಡಬೇಡಿ. ತೆಂಗಿನಹಾಲಿನ ಖಾರದ ಸಾರು, ಒಳಗೆ ದಪ್ಪ ಅಕ್ಕಿ ಶ್ಯಾವಿಗೆ, ಸಿಗಡಿ, ಮೀನಿನ ತುಂಡು. ಕಟೋಂಗ್ ಕಡೆ ಶ್ಯಾವಿಗೆಯನ್ನು ತುಂಡು ಮಾಡಿಯೇ ಕೊಡುತ್ತಾರೆ, ಬರೀ ಚಮಚದಲ್ಲಿ ತಿನ್ನುವುದು. ಮೊದಲ ಚಮಚಕ್ಕೇ ನಮ್ಮ ಮನೆಯ ಸಿಗಡಿ ಗಸಿ ನೆನಪಾಯಿತು, ಎರಡನೇ ಚಮಚಕ್ಕೆ ಇದು ಬೇರೆಯೇ ಅಂತ ಗೊತ್ತಾಯಿತು. ಒಣ ಸಿಗಡಿ ಅರೆದು ಹಾಕಿರುತ್ತಾರಲ್ಲ, ಅದರ ರುಚಿ ಸಾರಿನ ತಳದಲ್ಲಿ ಕೂತಿರುತ್ತದೆ.

ಸಂಬಾಲ್ ಅನ್ನುವ ಮೆಣಸಿನ ಖಾರ ಹಚ್ಚಿ ಬಾಳೆಎಲೆ ಮೇಲೆ ಸುಟ್ಟ ತೊರಕೆ ಮೀನು ಇನ್ನೊಂದು. ಮೇಲೆ ಪುಟ್ಟ ಹುಳಿ ನಿಂಬೆ ಹಿಂಡಿಕೊಳ್ಳಬೇಕು. ಮಾಂಸ ಎಳೆಎಳೆಯಾಗಿ ಬಿಟ್ಟುಕೊಳ್ಳುತ್ತದೆ, ಎಲೆಗೆ ಅಂಟಿದ ಕರಕಲು ಮಸಾಲೆಯೇ ನನಗೆ ಎಲ್ಲಕ್ಕಿಂತ ಇಷ್ಟ. ಸಂಜೆ ಹಾಕರ್ ಸೆಂಟರ್ ಆದ ಲಾವ್ ಪಾ ಸಾತ್‌ಗೆ ಹೋದರೆ ಪಕ್ಕದ ರಸ್ತೆಯನ್ನೇ ಮುಚ್ಚಿ ಇದ್ದಿಲ ಮೇಲೆ ಸಾತೇ, ಅಂದರೆ ಕಡ್ಡಿಗೆ ಚುಚ್ಚಿದ ಮಾಂಸ, ಸುಡುತ್ತಿರುತ್ತಾರೆ. ಒಳಗಿನ ಅಂಗಡಿಗಳಲ್ಲಿ ಅಮ್ಮನಿಗೂ ಏನಾದರೂ ಸಿಗುತ್ತದೆ.

ಮುಖ್ಯವಾದ ಒಂದು ಮಾತು. ಚಿಕನ್ ರೈಸ್ ಅಂಗಡಿಯಲ್ಲಿ "ಬರೀ ಅನ್ನ ಕೊಡಿ" ಎಂದು ಅಮ್ಮನಿಗೆ ತರಬೇಡಿ. ನೋಡುವುದಕ್ಕೆ ಬಿಳಿ ಅನ್ನ, ಆದರೆ ಕೋಳಿ ಕೊಬ್ಬಿನಲ್ಲಿ ಅಕ್ಕಿ ಹುರಿದು, ಕೋಳಿ ಬೇಯಿಸಿದ ನೀರಿನಲ್ಲೇ ಬೇಯಿಸಿರುತ್ತಾರೆ. ನಿಮಗೆ ಅದೇ ಅದರ ರುಚಿ, ಅಮ್ಮನಿಗೆ ಆಗುವುದಿಲ್ಲ.

---

ಕಾಫಿ_ಡಿಕಾಕ್ಷನ್:

ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ, ನಾನು ಅದನ್ನು ಅನುಭವಿಸಿಯೇ ಕಲಿತೆ. ಅಮ್ಮನ ಜೊತೆ ಹೋಗಿದ್ದಾಗ ಒಂದು ಅಂಗಡಿಯಲ್ಲಿ "ವೆಜಿಟೆಬಲ್" ಎಂದು ಬರೆದಿದ್ದ ಸೂಪ್ ತೆಗೆದುಕೊಂಡೆ. ಬರೀ ಸೊಪ್ಪು ಕಾಣುತ್ತಿತ್ತು. ಅಮ್ಮ ಒಂದು ಗುಟುಕು ಕುಡಿದು ಸುಮ್ನೆ ಚಮಚ ಕೆಳಗಿಟ್ಟರು. ನಾನು ರುಚಿ ನೋಡಿದೆ, ಮೀನಿನ ಸಾರು. ಅಂಗಡಿಯವರು ಮೋಸ ಮಾಡಿದ್ದಲ್ಲ, ಅವರ ಪ್ರಕಾರ ಅದು ತರಕಾರಿಯೇ. ಅಮ್ಮ ಬೈಯಲಿಲ್ಲ, ಆದರೆ ಆ ರಾತ್ರಿ ಏನೂ ತಿನ್ನಲಿಲ್ಲ. ನನಗೆ ಈಗಲೂ ನೆನೆದರೆ ಸಂಕಟ ಆಗುತ್ತದೆ.

ಆದ್ದರಿಂದ "ವೆಜ್ ಇದೆಯಾ" ಎಂದು ಕೇಳಿ ಸುಮ್ಮನಾಗಬೇಡಿ. ಹೆಸರು ಹಿಡಿದು ಕೇಳಿ: ಬೆಲಚಾನ್ ಇದೆಯಾ, ಹೇ ಬಿ ಇದೆಯಾ, ಇಕಾನ್ ಬಿಲಿಸ್ ಇದೆಯಾ. ಬೆಲಚಾನ್ ಅಂದರೆ ಸಿಗಡಿ ಹುದುಗಿಸಿ ಮಾಡಿದ ಮುದ್ದೆ, ಬಹಳಷ್ಟು ಖಾರದ ಚಟ್ನಿಗಳಲ್ಲಿ ಇರುತ್ತದೆ. ಹೇ ಬಿ ಒಣ ಸಿಗಡಿ. ಇಕಾನ್ ಬಿಲಿಸ್ ಒಣಗಿಸಿದ ಸಣ್ಣ ಮೀನು. ಈ ಮೂರು ಮಾತು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಪರಾಠಾ ತಿಂದರೂ ಜೊತೆಗೆ ಬರುವ ಸಾರು ಮೀನಿನದೋ ಕುರಿಯದೋ ಆಗಿರಬಹುದು, ದಾಲ್ ಅಂತಲೇ ಕೇಳಿ.

ಇನ್ನು ಕಾಫಿ. ಅಲ್ಲಿ 'ಕೋಪಿ' ಅಂತಾರೆ. ಬೀಜವನ್ನು ಸಕ್ಕರೆ, ಬೆಣ್ಣೆಯಂಥ ಜಿಡ್ಡು ಹಾಕಿ ಕಪ್ಪಗೆ ಹುರಿದಿರುತ್ತಾರೆ, ಉದ್ದ ಬಟ್ಟೆಯ ಚೀಲದಲ್ಲಿ ಸೋಸುತ್ತಾರೆ. ಸುಮ್ನೆ "ಕೋಪಿ" ಅಂದರೆ ಸಿಹಿಯಾದ ಗಟ್ಟಿ ಕಂಡೆನ್ಸ್ಡ್ ಹಾಲು ಹಾಕುತ್ತಾರೆ, ನಮ್ಮವರಿಗೆ ಸಿಹಿ ಜಾಸ್ತಿ. "ಕೋಪಿ ಸಿ" ಅಂದರೆ ಡಬ್ಬಿಯ ಗಟ್ಟಿ ಹಾಲು, ಸಕ್ಕರೆ. "ಸ್ಯೂ ದಾಯ್" ಅಂದರೆ ಸಿಹಿ ಕಡಿಮೆ, "ಕೊಸೊಂಗ್" ಅಂದರೆ ಸಕ್ಕರೆ ಬೇಡ, "ಗಾವ್" ಅಂದರೆ ಸ್ಟ್ರಾಂಗ್. ನಮ್ಮಮ್ಮ ಚಿಕ್ಕಮಗಳೂರಿನ ಮನೆಯಲ್ಲಿ ಬೆಳೆದವರು, ಕಾಫಿ ವಿಷಯದಲ್ಲಿ ಯಾರ ಮಾತೂ ಕೇಳುವವರಲ್ಲ. ಮೂರನೇ ದಿನ ಅವರೇ ಕೌಂಟರ್ ಹತ್ತಿರ ಹೋಗಿ, ಬೆರಳು ಮೇಲೆತ್ತಿ, "ಕೋಪಿ ಸಿ ಗಾವ್ ಸ್ಯೂ ದಾಯ್, ಒನ್" ಎಂದರು. ಅಂಗಡಿಯ ಮುದುಕರು ಏನೂ ಕೇಳದೆ ಸೀದಾ ಮಾಡಿಕೊಟ್ಟರು. ಅಮ್ಮ ಲೋಟ ಹಿಡಿದು ತಿರುಗಿದಾಗ ಅವರ ಮುಖ ನೋಡಬೇಕಿತ್ತು. ಊರಿಗೆ ಬಂದ ಮೇಲೆ ಎಲ್ಲರಿಗೂ ಹೇಳಿದ್ದು ಅದನ್ನೇ.

ಕಾಯಾ ಟೋಸ್ಟ್ ಮಾತ್ರ ನಿಮಗೆ. ಅದರ ಜಾಮಿನಲ್ಲಿ ತೆಂಗಿನಹಾಲಿನ ಜೊತೆ ಮೊಟ್ಟೆ ಇರುತ್ತದೆ. ಅಮ್ಮನಿಗೆ ಬರೀ ಬೆಣ್ಣೆ ಹಚ್ಚಿದ್ದು ಕೇಳಿ.

---

ಬಾಳೆಎಲೆ_ಊಟ:

ಇಷ್ಟು ಕಾಳಜಿಯಿಂದ ಬರೆದಿದ್ದೀರಿ, ತುಂಬಾ ಥ್ಯಾಂಕ್ಸ್. ಕೋಪಿ ಮಾತು ಅಮ್ಮನಿಗೆ ಓದಿ ಹೇಳಿದೆ, ಈಗಲೇ ಬಾಯಿಪಾಠ ಮಾಡುತ್ತಿದ್ದಾರೆ. ಒಂದೇ ಪ್ರಶ್ನೆ ಉಳಿದಿದೆ. ನಾವು ಇಳಿಯುವುದು ಸೋಮವಾರ, ಅಂದು ಎಲ್ಲಿಗೆ ಹೋಗಬಹುದು? ಸಿಹಿ ಏನಾದರೂ ಇದ್ದರೆ ಅದನ್ನೂ ಹೇಳಿ, ಅಮ್ಮನಿಗೆ ಬೆಲ್ಲದ ಅಡುಗೆ ಅಂದರೆ ಜೀವ.

---

ಫ್ಯಾರರ್‌ಪಾರ್ಕ್_ಹಳಬ:

ಸೋಮವಾರ ಹಾಕರ್ ಸೆಂಟರ್‌ಗಳಲ್ಲಿ ಎಷ್ಟೋ ಅಂಗಡಿ ರಜೆ ಇರುತ್ತವೆ, ಹಾಗಾಗಿ ಅಂದು ಹುಡುಕಾಡುವುದು ಬೇಡ. ಪ್ರಯಾಣದ ಸುಸ್ತೂ ಇರುತ್ತದೆ. ಲಿಟಲ್ ಇಂಡಿಯಾದ ಸೆರಂಗೂನ್ ರಸ್ತೆಗೆ ಬನ್ನಿ. 1947ರಲ್ಲಿ ಶುರುವಾದ ಸಸ್ಯಾಹಾರಿ ಹೋಟೆಲ್ ಕೋಮಳ ವಿಲಾಸ್ ಇದೆ, ಪೆರುಮಾಳ್ ದೇವಸ್ಥಾನದ ಎದುರಿಗೆ ನಮ್ಮ ಎಂಟಿಆರ್ ಕೂಡ ಇದೆ. ಯಾವುದರಲ್ಲಿ ಈರುಳ್ಳಿ ಬೆಳ್ಳುಳ್ಳಿ ಇಲ್ಲ ಎಂದು ಕೇಳಿಕೊಂಡು ಅಂದು ಅಲ್ಲೇ ಊಟ ಮಾಡಿ. ಉಳಿದ ನಾಲ್ಕು ದಿನ ಆ ಕಡೆ ತಲೆ ಹಾಕಬೇಡಿ.

ಸಿಹಿಗೆ ಪುಟು ಪಿರಿಂಗ್. ಮಲಯ್ ಜನರದು. ಅಂಗೈಗಿಂತ ಚಿಕ್ಕ ಅಚ್ಚಿಗೆ ಅಕ್ಕಿ ಹಿಟ್ಟು ಉದುರಿಸಿ, ನಡುವೆ ತಾಳೆ ಬೆಲ್ಲ ಇಟ್ಟು, ಮತ್ತೆ ಹಿಟ್ಟು ಮುಚ್ಚಿ, ಬಟ್ಟೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸುತ್ತಾರೆ. ತೆಗೆದ ತಕ್ಷಣ ಪಾಂಡನ್ ಎಲೆ ಮೇಲೆ ಇಟ್ಟು, ಪಕ್ಕದಲ್ಲಿ ಉಪ್ಪು ಬೆರೆಸಿದ ಕಾಯಿತುರಿ ಕೊಡುತ್ತಾರೆ. ಗೆಯ್ಲಾಂಗ್ ಸೆರಾಯ್ ಕಡೆ ಸಿಗುತ್ತದೆ. ಕಟ್ಟಿಸಿಕೊಂಡು ರೂಮಿಗೆ ತರಬೇಡಿ, ತಣ್ಣಗಾದರೆ ಗಟ್ಟಿಯಾಗುತ್ತದೆ. ಅಂಗಡಿ ಮುಂದೆಯೇ ನಿಂತು ಬಿಸಿಬಿಸಿ ತಿನ್ನಿ. ಬೆಲ್ಲ ಒಳಗೆ ಕರಗಿ ನೀರಾಗಿರುತ್ತದೆ, ಕಚ್ಚಿದಾಗ ಸುಡುತ್ತದೆ. ಅಮ್ಮನಿಗೆ ಒಂದು ನಿಮಿಷ ಆರಿಸಿ ಕೊಡಿ.