ಒಂಟಿ ಮಿಡತೆ ಇಕ್ಕಟ್ಟಿಗೆ ಸಿಕ್ಕರೆ ಸ್ವಭಾವ ಬದಲಾಗುವುದು ಹೇಗೆ?

ಹಸಿರುಗರಿ

ಎಲ್ಲರಿಗೂ ನಮಸ್ಕಾರ. ಮರುಭೂಮಿ ಮಿಡತೆಗಳ ಬಗ್ಗೆ ಓದುತ್ತಿದ್ದೇನೆ, ಒಂದು ವಿಷಯ ತಲೆಗೆ ಹತ್ತುತ್ತಿಲ್ಲ. ಒಂಟಿಯಾಗಿದ್ದಾಗ ಇದು ತನ್ನ ಪಾಡಿಗೆ ತಾನಿರುವ ಹುಳ, ಇನ್ನೊಂದು ಮಿಡತೆ ಕಂಡರೆ ದೂರ ಸರಿಯುತ್ತದೆ. ಅದೇ ಜಾತಿ ಗುಂಪು ಸೇರಿದರೆ ಕೋಟಿಗಟ್ಟಲೆ ದಂಡು ಕಟ್ಟಿಕೊಂಡು ಹೊರಡುತ್ತದೆ. ಸರಿ, ಆದರೆ ಬದಲಾವಣೆ ಯಾವಾಗ ಆಗುತ್ತದೆ? ಇದ್ದ ಹುಳವೇ ಬದಲಾಗುತ್ತದಾ, ಇಲ್ಲಾ ಮುಂದಿನ ಪೀಳಿಗೆ ಬೇರೆ ಥರ ಹುಟ್ಟುತ್ತದಾ? ಹಸಿವೇ ಕಾರಣ ಅಂತ ಕೆಲವರು, ಬರೀ ಇಕ್ಕಟ್ಟೇ ಸಾಕು ಅಂತ ಇನ್ನು ಕೆಲವರು ಹೇಳುತ್ತಾರೆ. ಗುಂಪಿನಿಂದ ಬೇರೆ ಮಾಡಿದರೆ ಮೊದಲಿನ ಹಾಗೆ ಆಗುತ್ತದಾ ಅನ್ನುವುದೂ ಗೊತ್ತಾಗಬೇಕು.

ಆರುಕಾಲು

ಒಳ್ಳೆ ಪ್ರಶ್ನೆ. ಎರಡೂ ಆಗುತ್ತದೆ, ಆದರೆ ವೇಗ ಬೇರೆ ಬೇರೆ. ನಡವಳಿಕೆ ಇದ್ದ ಹುಳದಲ್ಲೇ ಗಂಟೆಗಳಲ್ಲಿ ಬದಲಾಗುತ್ತದೆ. ಬಣ್ಣ ಬದಲಾಗಲು ಪೊರೆ ಕಳಚಬೇಕು, ಅದಕ್ಕೆ ದಿನಗಳು ಬೇಕು. ಮೈಯ ಆಕಾರ ಪೂರ್ತಿ ಬದಲಾಗಲು ಪೀಳಿಗೆಗಳೇ ಬೇಕು. ಒಂಟಿ ಮರಿಗಳು ಹೆಚ್ಚಾಗಿ ಹಸಿರು, ಗಿಡದ ನಡುವೆ ಕಾಣುವುದೇ ಇಲ್ಲ. ಗುಂಪಿನ ಮರಿಗಳು ಹಳದಿ ಕಪ್ಪು, ದೂರದಿಂದಲೇ ಕಣ್ಣಿಗೆ ಹೊಡೆಯುತ್ತವೆ. ಒಂಟಿ ಮಿಡತೆ ರಾತ್ರಿ ಹಾರುತ್ತದೆ, ದಂಡು ಹಗಲಲ್ಲಿ ಹಾರುತ್ತದೆ. ಇಷ್ಟೊಂದು ವ್ಯತ್ಯಾಸ ಇರುವುದರಿಂದ, ಹೀಗೇ ಬದಲಾಗುವ ವಲಸೆ ಮಿಡತೆ ಅನ್ನುವ ಇನ್ನೊಂದು ಜಾತಿಯ ಎರಡು ರೂಪಗಳನ್ನು ಬಹಳ ಕಾಲ ಎರಡು ಬೇರೆ ಜಾತಿ ಅಂತಲೇ ತಿಳಿದಿದ್ದರು. ಎರಡೂ ಒಂದೇ ಅಂತ ಕೀಟವಿಜ್ಞಾನಿ ಬೋರಿಸ್ ಉವಾರೊವ್ 1921ರಲ್ಲಿ ತೋರಿಸಿದ ಮೇಲೆ ಈ ವಿಷಯದ ಓದೇ ಬೇರೆ ದಾರಿ ಹಿಡಿಯಿತು.

ಈಗ ಇಕ್ಕಟ್ಟಿನ ಮಾತು. ಮರುಭೂಮಿ ಮಿಡತೆಗೆ ಗುಂಪಿನ ಅರಿವು ಎರಡು ದಾರಿಯಲ್ಲಿ ಬರುತ್ತದೆ. ಬೇರೆ ಮಿಡತೆಗಳು ಕಣ್ಣಿಗೂ ಕಾಣಬೇಕು, ವಾಸನೆಯೂ ಬರಬೇಕು, ಇವೆರಡೂ ಸೇರಿದರೆ ಒಂದು ದಾರಿ. ಬರೀ ನೋಟ ಅಥವಾ ಬರೀ ವಾಸನೆ ಸಾಲದು. ಇನ್ನೊಂದು ದಾರಿ ಮೈ ಮೈ ತಗಲುವುದು, ಇದೊಂದೇ ಆದರೂ ಸಾಕು. ಮೈಯ ಯಾವ ಭಾಗಕ್ಕೆ ತಗಲಿದರೆ ಕೆಲಸ ಆಗುತ್ತದೆ ಅಂತ ನೋಡಲು ಸ್ಟೀಫನ್ ಸಿಂಪ್ಸನ್ ಮತ್ತು ಜೊತೆಗಾರರು ಒಂಟಿಯಾಗಿ ಬೆಳೆಸಿದ ಮರಿಗಳ ಮೈಯನ್ನು ಒಂದೊಂದು ಕಡೆ ಸಣ್ಣ ಕುಂಚದಿಂದ ಆಗಾಗ ಸವರಿದರು. ಹಿಂಗಾಲಿನ ತೊಡೆಯನ್ನು ಸವರಿದ ಮರಿಗಳು ಮಾತ್ರ ನಾಲ್ಕು ಗಂಟೆಯಲ್ಲಿ ಗುಂಪಿನ ಸ್ವಭಾವಕ್ಕೆ ತಿರುಗಿದವು. 2001ರಲ್ಲಿ ಇದು ಪ್ರಕಟವಾಯಿತು. ಅಲ್ಲಿ ಬೇರೆ ಮಿಡತೆಯೇ ಇರಲಿಲ್ಲ, ಹಸಿವಿನ ಮಾತೂ ಇರಲಿಲ್ಲ ಅನ್ನುವುದನ್ನು ಗಮನಿಸಿ. ಹಾಗಾಗಿ ಸ್ವಭಾವ ತಿರುಗಿಸಲು ಇಕ್ಕಟ್ಟಿನ ತಾಕಾಟವೇ ಸಾಕು. ಹಸಿವು ಬರುವುದು ಅದಕ್ಕೆ ಮೊದಲು, ಹುಳಗಳನ್ನು ಒಂದೇ ಜಾಗಕ್ಕೆ ತಳ್ಳುವ ಕೆಲಸದಲ್ಲಿ.

ಒಳಗೆ ನಡೆಯುವುದು ಏನಪ್ಪಾ ಅಂದರೆ, ಎದೆಭಾಗದ ನರಗಂಟುಗಳಲ್ಲಿ ಸೆರೊಟೋನಿನ್ ಏರುತ್ತದೆ. ನಮ್ಮ ಮಿದುಳಿನಲ್ಲೂ ಇರುವ ಅದೇ ರಾಸಾಯನಿಕ. 2009ರಲ್ಲಿ ಬಂದ ಅಧ್ಯಯನದಲ್ಲಿ ಸೆರೊಟೋನಿನ್ ಕೆಲಸವನ್ನು ತಡೆದಾಗ ಇಕ್ಕಟ್ಟಿನಲ್ಲಿಟ್ಟರೂ ಮಿಡತೆ ಬದಲಾಗಲಿಲ್ಲ, ಸೆರೊಟೋನಿನ್ ಕೊಟ್ಟಾಗ ಗುಂಪಿಲ್ಲದೆಯೂ ಬದಲಾಯಿತು. ಇದಕ್ಕಿಂತ ಸ್ಪಷ್ಟವಾದ ಪುರಾವೆ ಈ ಕ್ಷೇತ್ರದಲ್ಲಿ ಕಡಿಮೆ ಅಂತ ನನ್ನ ಅಭಿಪ್ರಾಯ.

ವಾಪಸ್ ಆಗುವ ಬಗ್ಗೆ: ಸ್ವಲ್ಪ ಹೊತ್ತು ಮಾತ್ರ ಗುಂಪಿನಲ್ಲಿದ್ದ ಹುಳವನ್ನು ಬೇರೆ ಮಾಡಿದರೆ ಕೆಲವೇ ಗಂಟೆಯಲ್ಲಿ ಮೊದಲಿನಂತಾಗುತ್ತದೆ. ಹುಟ್ಟಿನಿಂದ ಗುಂಪಿನಲ್ಲೇ ಬೆಳೆದದ್ದು ಅಷ್ಟು ಸುಲಭವಾಗಿ ಬದಲಾಗುವುದಿಲ್ಲ, ಅರ್ಧಕ್ಕೆ ನಿಲ್ಲುತ್ತದೆ. ತಾಯಿ ಕೂಡ ತನ್ನ ಇಕ್ಕಟ್ಟಿನ ಅನುಭವವನ್ನು ಮೊಟ್ಟೆಯ ಮೂಲಕ ಮರಿಗಳಿಗೆ ದಾಟಿಸುತ್ತದೆ, ಹಾಗಾಗಿ ಗುಂಪಿನ ತಾಯಿಯ ಮರಿಗಳು ಮೊಟ್ಟೆ ಒಡೆದು ಬರುವಾಗಲೇ ಗುಂಪಿನ ಕಡೆ ವಾಲಿರುತ್ತವೆ.

ನರತಂತು

ಆರುಕಾಲು ಅವರು ಹೇಳಿದ್ದು ಸರಿ, ಆದರೆ ಅದನ್ನು ಎಲ್ಲ ಮಿಡತೆಗೂ ಹಾಗೇ ಅನ್ವಯಿಸಬೇಡಿ. ಆಸ್ಟ್ರೇಲಿಯಾದ ಪ್ಲೇಗ್ ಮಿಡತೆಯಲ್ಲಿ ಹಿಂಗಾಲು ಸವರಿದರೆ ಏನೂ ಆಗುವುದಿಲ್ಲ, ಅಲ್ಲಿ ಕುಡಿಮೀಸೆಗೆ ತಗಲಬೇಕು. ವಲಸೆ ಮಿಡತೆಯಲ್ಲಿ ಡೋಪಮಿನ್ ಅನ್ನುವ ಇನ್ನೊಂದು ನರ ರಾಸಾಯನಿಕದ ಪಾತ್ರ ದೊಡ್ಡದು. ಅದಲ್ಲದೆ ಆ ಜಾತಿಯಲ್ಲಿ 4-ವಿನೈಲ್‌ಅನಿಸೋಲ್ ಅನ್ನುವ ವಾಸನೆಯ ವಸ್ತು ಇದೆ ಅಂತ ಚೀನಾದ ಸಂಶೋಧಕರು 2020ರಲ್ಲಿ ತೋರಿಸಿದರು. ನಾಲ್ಕೈದು ಒಂಟಿ ಮಿಡತೆಗಳನ್ನು ಒಟ್ಟಿಗೆ ಇಟ್ಟರೆ ಸಾಕು, ಅದನ್ನು ಹೊರಬಿಡಲು ಶುರು ಮಾಡುತ್ತವೆ, ಆ ವಾಸನೆಗೆ ಇನ್ನಷ್ಟು ಮಿಡತೆ ಬರುತ್ತವೆ. ಬೇರೆ ಬೇರೆ ಜಾತಿಗಳು ಬೇರೆ ಬೇರೆ ದಾರಿಯಲ್ಲಿ ಬಂದು ಒಂದೇ ನಡವಳಿಕೆಗೆ ತಲುಪಿವೆ. ನನಗೆ ಇಡೀ ವಿಷಯದಲ್ಲಿ ತುಂಬಾ ಹಿಡಿಸಿದ್ದು ಇದೇ.

ಹಸಿರುಗರಿ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಗುಂಪು ಸೇರುವುದು ಅರ್ಥವಾಯಿತು. ಆದರೆ ಎಲ್ಲವೂ ಒಂದೇ ದಿಕ್ಕಿಗೆ ಹೊರಡುವುದು ಹೇಗೆ? ಮುಂದಾಳು ಅಂತ ಯಾರೂ ಇರುವುದಿಲ್ಲ ಅಲ್ವಾ?

ನರತಂತು

ಇಲ್ಲ, ಮುಂದಾಳು ಇಲ್ಲ. ಉಂಗುರದಂಥ ಕಣದಲ್ಲಿ ರೆಕ್ಕೆ ಬಾರದ ಮರಿಗಳನ್ನು ಬಿಟ್ಟು ನೋಡಿದ ಪ್ರಯೋಗವೊಂದು 2006ರಲ್ಲಿ ಪ್ರಕಟವಾಗಿದೆ. ಸಂಖ್ಯೆ ಕಡಿಮೆ ಇದ್ದಾಗ ಒಂದೊಂದು ಒಂದೊಂದು ಕಡೆ. ಸ್ವಲ್ಪ ಹೆಚ್ಚಿಸಿದಾಗ ಎಲ್ಲವೂ ಒಟ್ಟಿಗೆ ಹೊರಟವು, ಆದರೆ ನಡುನಡುವೆ ಇಡೀ ಗುಂಪೇ ಇದ್ದಕ್ಕಿದ್ದಂತೆ ದಿಕ್ಕು ತಿರುಗಿಸುತ್ತಿತ್ತು. ಚದರ ಮೀಟರಿಗೆ ಸುಮಾರು 74 ತಲುಪಿದ ಮೇಲೆ ಹಿಡಿದ ದಿಕ್ಕನ್ನು ಬಿಡಲೇ ಇಲ್ಲ.

ಇದರ ಹಿಂದೆ ಒಂದು ಕ್ರೂರ ಕಾರಣವೂ ಇದೆ. ಇವು ಒಂದನ್ನೊಂದು ತಿನ್ನುತ್ತವೆ. ಮರುಭೂಮಿ ಮಿಡತೆ ಮರಿಗಳ ಹೊಟ್ಟೆಭಾಗದ ನರ ಕತ್ತರಿಸಿ, ಹಿಂದಿನಿಂದ ಕಚ್ಚಿದ್ದು ತಿಳಿಯದಂತೆ ಮಾಡಿದಾಗ ಅವುಗಳ ನಡಿಗೆಯೇ ಕಡಿಮೆಯಾಯಿತು, ಬೇರೆಯವಕ್ಕೆ ಆಹಾರವಾಗುವುದೂ ಹೆಚ್ಚಾಯಿತು. ನಿಂತರೆ ಹಿಂದಿನದು ಕಚ್ಚುತ್ತದೆ, ಮುಂದೆ ಹೋದರೆ ಮುಂದಿನದನ್ನು ಕಚ್ಚಬಹುದು. ಹಾಗಾಗಿ ಈ ಮೆರವಣಿಗೆಯನ್ನು ಸಹಕಾರ ಅಂತ ಕರೆಯಲು ನನಗೆ ಮನಸ್ಸಿಲ್ಲ, ಇದು ಬಹುಮಟ್ಟಿಗೆ ಬಲವಂತದ ನಡಿಗೆ. ಇಷ್ಟಾದರೂ ಗುಂಪು ತನ್ನನ್ನೇ ತಿಂದು ಮುಗಿಸುವುದಿಲ್ಲ. ವಲಸೆ ಮಿಡತೆಗಳು ಗುಂಪಿನಲ್ಲಿದ್ದಾಗ ಫಿನೈಲ್‌ಅಸಿಟೋನೈಟ್ರೈಲ್ ಅನ್ನುವ ವಸ್ತು ಹೊರಬಿಡುತ್ತವೆ. ಅದು ತನ್ನವರನ್ನು ಕಚ್ಚದಂತೆ ತಡೆಯುತ್ತದೆ ಅಂತ 2023ರಲ್ಲಿ ಗೊತ್ತಾಯಿತು. ಅದನ್ನು ತಯಾರಿಸಲಾಗದ ಮಿಡತೆಗಳನ್ನು ಜೊತೆಯವು ಜಾಸ್ತಿ ತಿಂದವು.

ಮಳೆನೋಟ

ಪ್ರಯೋಗಾಲಯದ ಮಾತು ಆಯಿತು, ಬಯಲಿನದನ್ನೂ ಸೇರಿಸುತ್ತೇನೆ. ದೂರ ದೂರ ಇರುವ ಹುಳಗಳು ಇಕ್ಕಟ್ಟಿಗೆ ಬರುವುದು ಮಳೆಯಿಂದ ಶುರುವಾಗುತ್ತದೆ. ಮಳೆಯಾದರೆ ಒದ್ದೆ ಮರಳಲ್ಲಿ ಮೊಟ್ಟೆ, ಚಿಗುರಿದ ಹಸಿರು, ಸಂಖ್ಯೆ ಏರುತ್ತದೆ. ವಾತಾವರಣ ಹದವಾಗಿದ್ದರೆ ಮೂರು ತಿಂಗಳಿಗೆ 20 ಪಟ್ಟು ಆಗಬಹುದು ಅನ್ನುತ್ತದೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ. ಆಮೇಲೆ ನೆಲ ಒಣಗುತ್ತಾ ಬಂದು ಹಸಿರು ಅಲ್ಲಲ್ಲಿ ತೇಪೆಯಂತೆ ಉಳಿಯುತ್ತದೆ. ಎಲ್ಲ ಹುಳಗಳೂ ಆ ತೇಪೆಗಳಿಗೇ ಬರಬೇಕು, ಅಲ್ಲೇ ಕಾಲಿಗೆ ಕಾಲು ತಾಗುತ್ತದೆ. ಅಷ್ಟೇ ಹಸಿರು ಸಮನಾಗಿ ಹರಡಿದ್ದರೆ ಇಷ್ಟು ಬೇಗ ಗುಂಪಾಗುವುದಿಲ್ಲ. ಆದ್ದರಿಂದ ಎಷ್ಟು ಮಿಡತೆ ಇವೆ ಅನ್ನುವಷ್ಟೇ ಮುಖ್ಯ ಮೇವು ಹೇಗೆ ಹರಡಿದೆ ಅನ್ನುವುದು.

2018ರಲ್ಲಿ ಮೆಕುನು, ಲುಬಾನ್ ಅನ್ನುವ ಎರಡು ಚಂಡಮಾರುತಗಳು ಅರೇಬಿಯಾದ ಮರಳುಗಾಡಿನ ಒಳಗೆ ಮಳೆ ಸುರಿಸಿದವು. ಜನರಿಲ್ಲದ ಜಾಗ, ಯಾರ ಕಣ್ಣಿಗೂ ಬೀಳದೆ ಪೀಳಿಗೆಯ ಮೇಲೆ ಪೀಳಿಗೆ ಬೆಳೆಯಿತು. 2020ರ ಹೊತ್ತಿಗೆ ಪೂರ್ವ ಆಫ್ರಿಕಾದಿಂದ ಪಾಕಿಸ್ತಾನ, ರಾಜಸ್ಥಾನದ ತನಕ ದಂಡುಗಳು. ಒಂದು ಚದರ ಕಿಲೋಮೀಟರಿನ ದಂಡು ದಿನಕ್ಕೆ 35,000 ಜನರ ಊಟದಷ್ಟು ತಿನ್ನುತ್ತದೆ.

ದಂಡು ಹಾರಲು ಶುರು ಮಾಡಿದ ಮೇಲೆ ತಡೆಯುವುದು ತುಂಬಾ ಕಷ್ಟ, ದಿನಕ್ಕೆ 100 ಕಿಲೋಮೀಟರ್ ದಾಟಿಬಿಡುತ್ತದೆ. ರೆಕ್ಕೆ ಬಾರದ ಮರಿಗಳು ನೆಲದ ಮೇಲೆ ಸಾಲಾಗಿ ನಡೆಯುತ್ತಿರುವಾಗಲೇ ಹಿಡಿಯಬೇಕು. ಮೆಟಾರೈಝಿಯಮ್ ಅನ್ನುವ ಶಿಲೀಂಧ್ರದ ಸಿಂಪಡಣೆ ಮಿಡತೆಗಳನ್ನು ಮಾತ್ರ ಕೊಲ್ಲುತ್ತದೆ, ಬೇರೆ ಜೀವಿಗಳಿಗೆ ಬಹುತೇಕ ತೊಂದರೆ ಇಲ್ಲ. ಆದರೆ ನಿಧಾನ, ಒಂದೆರಡು ವಾರ ಹಿಡಿಯುತ್ತದೆ. ಅಷ್ಟು ಸಮಯ ಸಿಗುವುದು ಮರಿಗಳ ಹಂತದಲ್ಲೇ. ಅದಕ್ಕೇ ಮರುಭೂಮಿಯಲ್ಲಿ ಮಳೆ ಬಿದ್ದ ಜಾಗಗಳನ್ನು ಉಪಗ್ರಹದ ಚಿತ್ರದಲ್ಲಿ ಹುಡುಕಿ, ಹಸಿರು ಕಂಡ ಕಡೆಗೆ ತಂಡ ಕಳಿಸಿ ಎಣಿಸುತ್ತಾರೆ. ಮರಿಗಳಲ್ಲಿ ಹಳದಿ ಕಪ್ಪು ಬಣ್ಣ ಕಾಣಿಸಿಕೊಂಡಿದೆಯಾ ಅಂತಲೂ ಬರೆದುಕೊಳ್ಳುತ್ತಾರೆ.