ಫ್ರಾನ್ಸಿನ ಮೋಂಸೆಗ್ಯುರ್ ಕೋಟೆ ನೋಡಿದವರು ಸ್ವಲ್ಪ ಹೇಳಿ

ಟುಲೂಸ್‌ನಿಂದ ಕಾರಿನಲ್ಲಿ ಒಂದೇ ದಿನದಲ್ಲಿ ಹೋಗಿ ಬರಬೇಕು. ಅಪ್ಪ-ಅಮ್ಮ ಊರಿಂದ ಬಂದಿದ್ದಾರೆ, ಅಮ್ಮನಿಗೆ ಮಂಡಿನೋವು. ಹತ್ತೋಕಾಗುತ್ತಾ? ಮೇಲೆ ನೋಡೋಕೇನಿದೆ?

— ಮೋಂಫೆರಿಯೆ ಹಳ್ಳಿ ಕಡೆಯಿಂದ ಬಂದರೆ ಮೋಂಸೆಗ್ಯುರ್ ಊರಿಗಿಂತ ಮೊದಲೇ ಪಾರ್ಕಿಂಗ್ ಸಿಗುತ್ತೆ. ತುದಿ 1207 ಮೀಟರ್ ಅಂತ ಹೆದರಬೇಡಿ, ಬಹುಪಾಲು ಕಾರೇ ಹತ್ತಿರುತ್ತೆ. ಕಾಲಿಗೆ ಉಳಿಯೋದು ಸುಮಾರು 150 ಮೀಟರ್ ಏರು, ಅರ್ಧ ಗಂಟೆ. ಕಷ್ಟ ಇರೋದು ಇಳಿಯುವಾಗ. ಸುಣ್ಣಕಲ್ಲು ಸವೆದು ನುಣುಪಾಗಿದೆ, ಒದ್ದೆಯಾದರೆ ಜಾರುತ್ತೆ, ಮಂಡಿಗೆ ಭಾರ ಬೀಳೋದೂ ಆಗಲೇ. ಅಮ್ಮನವರಿಗೆ ಕೆಳಗಿನ ಹುಲ್ಲುಗಾವಲು ಸಾಕು. 1960ರ ಸ್ಮಾರಕ ಕಲ್ಲು ಅಲ್ಲೇ ಇದೆ. ಟಿಕೆಟ್ ಕೊಡೋದು ಅದಕ್ಕಿಂತ ಮೇಲೆ.

— ಆ ಹುಲ್ಲುಗಾವಲಿನ ಹೆಸರೇ ‘ಸುಟ್ಟುಹೋದವರ ಬಯಲು’. ಈ ಕೋಟೆ ಆಗ ಕ್ಯಾಥರ್ ಪಂಥದವರ ಆಸರೆ; ಕ್ರೈಸ್ತರೇ, ಆದರೆ ಚರ್ಚು ಅವರನ್ನು ಧರ್ಮವಿರೋಧಿಗಳು ಅಂತಿತ್ತು. 1242ರಲ್ಲಿ ಅವಿನ್ಯೊನೆಯಲ್ಲಿ ಚರ್ಚಿನ ಮತವಿಚಾರಕರ ಕೊಲೆಯಾಯ್ತು, ಕೊಂದವರು ಈ ಕೋಟೆಯಿಂದ ಹೋದವರು. ಮರುವರ್ಷ ಮೇ ತಿಂಗಳಲ್ಲಿ ಫ್ರಾನ್ಸ್ ರಾಜನ ಸೈನ್ಯ ಮುತ್ತಿಗೆ ಹಾಕಿತು. ಗುಡ್ಡದ ಸುತ್ತ ಕಡಿದಾದ ಬಂಡೆ, ಹಾಗಾಗಿ ತಿಂಗಳುಗಟ್ಟಲೆ ಏನೂ ನಡೆಯಲಿಲ್ಲ. ಚಳಿಗಾಲದಲ್ಲಿ ಬೆಟ್ಟ ಹತ್ತಿ ಪಳಗಿದವರು ರಾತ್ರೋರಾತ್ರಿ ಪೂರ್ವದ ತುದಿಯ ಕಾವಲು ಗೋಪುರ ಹಿಡಿದ ಮೇಲೆ, ಕಲ್ಲೆಸೆಯುವ ಯಂತ್ರವನ್ನು ಬೆಟ್ಟದ ಬೆನ್ನಿನ ಮೇಲೇ ಮುಂದೆ ತರಲು ಸಾಧ್ಯವಾಯ್ತು. ಕೊನೆಗೆ ಕೋಟೆ ಶರಣಾಯ್ತು. ಒಪ್ಪಂದದಂತೆ ಕೋಟೆಯ ಸೈನಿಕರಿಗೆ ಕ್ಷಮೆ, ನಂಬಿಕೆ ಬಿಟ್ಟವರಿಗೆ ಬಿಡುಗಡೆ. ಬಿಡಲೊಪ್ಪದ ಇನ್ನೂರಕ್ಕೂ ಹೆಚ್ಚು ಕ್ಯಾಥರ್ ಪಂಥದವರನ್ನು 1244ರ ಮಾರ್ಚ್ 16ರಂದು ಸುಟ್ಟರು. ಸಾಯೋದು ಖಚಿತ ಅಂತ ಗೊತ್ತಿದ್ದೂ, ಮೂರು ದಿನ ಮೊದಲು ಇಪ್ಪತ್ತರಷ್ಟು ಜನ ಹೊಸದಾಗಿ ದೀಕ್ಷೆ ತಗೊಂಡಿದ್ದರು!

— ಒಂದು ಮಾತು ಸೇರಿಸ್ತೀನಿ ಸರ್. ಮೇಲೆ ಈಗ ಕಾಣೋ ಗೋಡೆ ಕ್ಯಾಥರರದ್ದಲ್ಲ. ಮುತ್ತಿಗೆಯ ನಂತರ ಲೆವಿ ಮನೆತನದ ಕೈಗೆ ಬಂದ ಮೇಲೆ ಕಟ್ಟಿದ್ದು. ಅಂಗಳ ನೋಡಿ ಅಷ್ಟಕ್ಕೇ ವಾಪಸ್ ಬರೋರೇ ಜಾಸ್ತಿ. ಬತೇರಿಯ (ಮುಖ್ಯ ಗೋಪುರದ) ಹೊರಗೆ, ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮನೆಗಳ ಅಡಿಪಾಯ ಇದೆ ನೋಡಿ, ಕ್ಯಾಥರರ ಊರು ಅದು. ಆಳವಿದೆ, ಅಂಚಿಗೆ ಹೋಗಬೇಡಿ. ಅಗೆದಾಗ ಸಿಕ್ಕ ವಸ್ತುಗಳು ಊರಿನ ಮ್ಯೂಸಿಯಂನಲ್ಲಿವೆ. ಮೊದಲು ಅಲ್ಲಿಗೆ ಹೋದರೆ ಮೇಲಿನದು ಅರ್ಥವಾಗುತ್ತೆ, ಅಮ್ಮನವರಿಗೂ ಅನುಕೂಲ.

ಜೂನ್ 21ರ ಸೂರ್ಯೋದಯಕ್ಕೆ ಬಾಣದ ಕಂಡಿಗಳಲ್ಲಿ ಬಿಸಿಲು ಹಾಯುತ್ತಂತೆ, ಕ್ಯಾಥರರ ಸೂರ್ಯ ದೇವಾಲಯ ಅಂತಾರಲ್ಲ?

— ಬಿಸಿಲು ಹಾಯೋದು ನಿಜ, ಜನವೂ ಸೇರ್ತಾರೆ. ಆದರೆ ಬತೇರಿಯೇ ಆಮೇಲಿನದು ಅಂದಮೇಲೆ ದೇವಾಲಯದ ಮಾತೆಲ್ಲಿ ಬಂತು? ಕತ್ತಲಲ್ಲಿ ಹತ್ತೋದಾದರೆ ತಲೆಗೆ ಕಟ್ಟೋ ಟಾರ್ಚ್ ಬೇಕು, ಕೈ ಎರಡೂ ಖಾಲಿ ಇರಲಿ.

— ಮೇಲೆ ಕುಡಿಯೋ ನೀರಿಲ್ಲ, ನೆರಳಿಲ್ಲ. ಒಬ್ಬೊಬ್ಬರಿಗೆ ಲೀಟರ್ ನೀರು, ಗಾಳಿ ತಡೆಯೋ ಜಾಕೆಟ್ ಇರಲಿ. ಗುಡುಗು ಮುನ್ಸೂಚನೆ ಇದ್ದರೆ ಹತ್ತಲೇಬೇಡಿ. ಚಳಿಗಾಲವಾದರೆ ತೆರೆದಿರೋ ವೇಳೆ ನೋಡ್ಕೊಂಡು ಹೊರಡಿ.