ಪದ ಬೇಕು: ‘ಸ್ಪೀಚ್ ಕ್ಯಾಪ್ಚರಿಂಗ್’ಗೆ ಕನ್ನಡದಲ್ಲಿ ಏನನ್ನೋಣ? ಇವತ್ತು ಸಂಜೆಯೊಳಗೆ

ಧಾರವಾಡದಿಂದ, ಬೆಳಗ್ಗೆ 9.10

ಎಲ್ಲರಿಗೂ ನಮಸ್ಕಾರ. ನಮ್ಮಣ್ಣನ ಟೈಪಿಂಗ್ ಕ್ಲಾಸಿನ ಮೂವರು ಹುಡುಗಿಯರು ಈ ಸಲ ಇಂಟರ್‌ಸ್ಟೆನೋದ (ಶಾರ್ಟ್‌ಹ್ಯಾಂಡ್, ಟೈಪಿಂಗ್‌ನವರ ಅಂತರರಾಷ್ಟ್ರೀಯ ಸಂಸ್ಥೆ) ಆನ್‌ಲೈನ್ ಸ್ಪರ್ಧೆಗೆ ಕೂರುತ್ತಿದ್ದಾರೆ. ಹತ್ತು ನಿಮಿಷದ ಟೈಪಿಂಗ್, ಇಂಗ್ಲಿಷ್‌ನಲ್ಲಿ. ಕ್ಲಾಸಿನ ಮುಂದೆ ಫ್ಲೆಕ್ಸ್ ಹಾಕಬೇಕು. ಇಂಟರ್‌ಸ್ಟೆನೋದವರು ನಡೆಸುವ ಸ್ಪರ್ಧೆಗಳ ಹೆಸರೆಲ್ಲ ಅದರಲ್ಲಿ ಕನ್ನಡದಲ್ಲೇ ಇರಲಿ ಅಂತ ಅಣ್ಣನ ಹಟ. ಶಾರ್ಟ್‌ಹ್ಯಾಂಡ್‌ಗೆ ಶೀಘ್ರಲಿಪಿ, ಟೈಪಿಂಗ್‌ಗೆ ಬೆರಳಚ್ಚು ಇದೆ. ಮೂರನೆಯದರಲ್ಲಿ ಸಿಕ್ಕಿಬಿದ್ದೆ. ಒಬ್ಬರು ಓದುತ್ತಾ ಹೋಗುತ್ತಾರೆ, ಹೋದಹಾಗೆ ವೇಗ ಏರುತ್ತದೆ. ಕೇಳಿದ್ದನ್ನು ಹಿಡಿದು, ಪೂರ್ತಿ ಬರಹ ಮಾಡಿ ಕೊಡಬೇಕು. ನಾನು ‘ಭಾಷಣ ಲಿಪ್ಯಂತರ’ ಅಂತ ಹಾಕಿದ್ದೇನೆ. ಸರೀನಾ? ಫ್ಲೆಕ್ಸ್ ಅಂಗಡಿಯವರು ಸಂಜೆ ಆರರೊಳಗೆ ಕಳಿಸಿ ಅಂದಿದ್ದಾರೆ.

ಗದಗದಿಂದ, 9.40

ತಪ್ಪು. ದೇವನಾಗರಿಯಲ್ಲಿ ಇದ್ದದ್ದನ್ನು ಕನ್ನಡ ಅಕ್ಷರಕ್ಕೆ ತಂದರೆ ಲಿಪ್ಯಂತರ. ಮಾತಿಗೆ ಲಿಪಿ ಎಲ್ಲಿದೆ, ಅಂತರ ಮಾಡೋಕೆ? ಶಾಲೆಯಲ್ಲಿ ಎಲ್ಲರೂ ಬರೆದಿದ್ದೀರಿ, ಉಕ್ತಲೇಖನ. ಅದನ್ನೇ ಹಾಕಿ ಮುಗಿಸಿ.

ಹುಬ್ಬಳ್ಳಿಯಿಂದ, 10.25

ಮಾಸ್ತರ್ರೇ, ಉಕ್ತಲೇಖನ ಅಂದ ಕೂಡಲೇ ಜನಕ್ಕೆ ಮೂರನೇ ಇಯತ್ತೆ ನೆನಪಾಗುತ್ತದೆ. ಅಲ್ಲಿ ನಿಲ್ಲಿಸಿ ನಿಲ್ಲಿಸಿ ಹೇಳುತ್ತಾರೆ, ಎರಡೆರಡು ಸಲ ಹೇಳುತ್ತಾರೆ. ಇಲ್ಲಿ ಹೇಳುವವನು ನಿಲ್ಲೋದೇ ಇಲ್ಲ.

ನಾನು ಮೂವತ್ತು ವರ್ಷ ಸ್ಟೆನೋ ಆಗಿದ್ದವನು. ಶಾರ್ಟ್‌ಹ್ಯಾಂಡ್‌ನ ಪಿಟ್‌ಮನ್ ಪದ್ಧತಿಯಲ್ಲಿ ಗೆರೆ ತೆಳುವಾದರೆ ಪ, ಅದೇ ಗೆರೆ ದಪ್ಪವಾದರೆ ಬ. ಸ್ವರಗಳು ಗೆರೆಯ ಪಕ್ಕದ ಚುಕ್ಕೆ, ಸಣ್ಣ ಗೀಟು. ಅವಸರದಲ್ಲಿ ಅವನ್ನು ಯಾರೂ ಇಡಲ್ಲ. ಒಂದು ದಿನ ಪೆನ್ಸಿಲ್ ಮೊನೆ ಮೊಂಡಾಗಿತ್ತು. ‘ಬಿಲ್’ ಅಂದದ್ದೋ ‘ಪಿಲ್’ ಅಂದದ್ದೋ ನನಗೇ ತಿಳಿಯಲಿಲ್ಲ. ಸಾಹೇಬರ ಎದುರು ನಿಂತು ‘ಪಿಲ್ ಪಾಸ್ ಮಾಡಿ’ ಅಂತ ಓದಿ ಬೈಸಿಕೊಂಡೆ. ಆಮೇಲೆ ಯಾವಾಗಲೂ ಜೇಬಿನಲ್ಲಿ ನಾಲ್ಕು ಪೆನ್ಸಿಲ್.

ಈಗ ವಿಷಯಕ್ಕೆ. ಇಂಟರ್‌ಸ್ಟೆನೋ ಹುಟ್ಟಿದ್ದು ಶಾರ್ಟ್‌ಹ್ಯಾಂಡ್‌ನವರಿಂದಲೇ. ಪಿಟ್‌ಮನ್ ಪದ್ಧತಿ ಬಂದದ್ದು 1837ರಲ್ಲಿ. ಅದಕ್ಕೆ ಐವತ್ತು ತುಂಬಿದಾಗ, 1887ರಲ್ಲಿ, ಲಂಡನ್‌ನಲ್ಲಿ ಮೊದಲ ಸಮಾವೇಶ. ಈಗ ಕತೆ ಬೇರೆ. ನೀವು ಕೇಳಿದ ಸ್ಪರ್ಧೆಗೆ ಪೆನ್ಸಿಲ್‌ನವನೂ ಕೂರಬಹುದು, ಸ್ಟೆನೋ ಯಂತ್ರದವನೂ ಕೂರಬಹುದು, ಸಾದಾ ಕೀಬೋರ್ಡ್‌ನವನೂ ಕೂರಬಹುದು. ಕೇಳಿದ್ದನ್ನು ತಾನೇ ಮೆಲ್ಲಗೆ ಮೈಕಿಗೆ ಹೇಳಿ ಕಂಪ್ಯೂಟರಿನಿಂದ ಬರೆಸುವವನೂ ಅಲ್ಲೇ ಇರುತ್ತಾನೆ. ಹಾಗಾಗಿ ಆ ಪದದಲ್ಲಿ ಲಿಪಿಯೂ ಬರಬಾರದು, ಬೆರಳೂ ಬರಬಾರದು. ಎಣಿಸೋದು ಹಿಡಿದದ್ದನ್ನು ಮಾತ್ರ.

ಹಾವೇರಿಯಿಂದ, 11.05

‘ನುಡಿಹಿಡಿತ’ ಅನ್ನಿ. ಎರಡೂ ಅಚ್ಚಗನ್ನಡ. ಹಾಗೇ ಶೀಘ್ರಲಿಪಿಯನ್ನೂ ತೆಗೆದು ‘ಬಿರುಬರಹ’ ಮಾಡಿ. ಸಂಸ್ಕೃತದ ಜೋಳಿಗೆ ಇನ್ನೆಷ್ಟು ದಿನ ಹೊರೋದು?

ಹುಬ್ಬಳ್ಳಿಯಿಂದ, 11.15

ನುಡಿಹಿಡಿತ ಅಂದರೆ ನುಡಿ ತಂತ್ರಾಂಶ ಹ್ಯಾಂಗ್ ಆಯಿತು ಅಂದುಕೊಳ್ಳುತ್ತಾರೆ.

ಗದಗದಿಂದ, 11.30

ಬಿರುಗಾಳಿ, ಬಿರುಬಿಸಿಲು, ಬಿರುನುಡಿ ಗೊತ್ತು. ‘ಬಿರು’ ಅಂದರೆ ಕಟುವಾದದ್ದು, ಗಡುಸು. ಬಿರುಬರಹ ಅಂದರೆ ಬೈಗುಳದ ಕಾಗದ. ನಿಮ್ಮ ಈ ಪತ್ರಕ್ಕೆ ಒಪ್ಪುತ್ತದೆ.

ವೇಗದ ಬರಹಕ್ಕೆ ನಮ್ಮ ಕಡೆ ಮೊದಲಿಂದ ಪದ ಇದೆ: ಮೋಡಿ. ಹಳೇ ದಫ್ತರಗಳಲ್ಲಿ ಲೇಖಣಿ ಎತ್ತದೆ ಬರೆದದ್ದು ಮೋಡಿ ಅಕ್ಷರ. ‘ಮುಡಿ’ಯಿಂದ ಬಂದದ್ದು. ಅಕ್ಷರಕ್ಕೆ ಅಕ್ಷರ ಮುಡಿ ಹಾಕಿದ ಹಾಗೆ. ಶುದ್ಧ ಕನ್ನಡ.

ಧಾರವಾಡ, ಮಾಳಮಡ್ಡಿಯಿಂದ, ಮಧ್ಯಾಹ್ನ 12.50

ಮಾಸ್ತರ್ರೇ, ಮೋಡಿ ಲಿಪಿ ಮರಾಠಿಯದು. ‘ಮೋಡಣೆ’ ಅಂದರೆ ಮುರಿಯುವುದು. ಗಡಿ ಭಾಗದ ಕಾಗದಗಳಲ್ಲಿ ಅದು ಇರೋದು ಪೇಶ್ವೆ ಕಾಲದ, ಮುಂಬಯಿ ಪ್ರಾಂತದ ಋಣ. ಅದನ್ನು ‘ದಫ್ತರ’ದಲ್ಲೇ ಹುಡುಕಿದಿರಿ ಬೇರೆ, ಅದು ಪಾರಸಿಯಿಂದ ಬಂದದ್ದು!

ಶೀಘ್ರಲಿಪಿಗೆ ನನ್ನ ತಕರಾರು ಇನ್ನೊಂದಿದೆ. ಗ್ರೀಕ್‌ನಲ್ಲಿ ‘ಸ್ಟೆನೋಸ್’ ಅಂದರೆ ವೇಗ ಅಲ್ಲ, ಇಕ್ಕಟ್ಟು. ಸ್ಟೆನೋಗ್ರಫಿ ಅಂದರೆ ಇಕ್ಕಟ್ಟಿನ ಬರಹ. ವೇಗಕ್ಕೆ ಬೇರೆ ಪದವೇ ಇತ್ತು, ಟ್ಯಾಕಿಗ್ರಫಿ. ಕನ್ನಡದ ‘ಶೀಘ್ರ’, ಹಿಂದಿಯ ‘ಆಶುಲಿಪಿ’ ಎರಡೂ ಆ ಸಾಲಿನವು. ಮರಾಠಿಯವರು ‘ಲಘುಲೇಖನ’ ಅಂದು ಶಾರ್ಟ್‌ಹ್ಯಾಂಡ್‌ನ ‘ಶಾರ್ಟ್’ ಉಳಿಸಿಕೊಂಡರು.

ಹಾವೇರಿಯ ತಮ್ಮನಿಗೆ: ಲಿಪಿ ಸಂಸ್ಕೃತದ್ದು ಅಂತ ಸಿಟ್ಟಾಗಬೇಡ. ಹಳೇ ಪಾರಸಿಯ ‘ದಿಪಿ’ಯಿಂದ ಬಂದದ್ದು ಅಂತ ತುಂಬಾ ವಿದ್ವಾಂಸರು ಹೇಳುತ್ತಾರೆ. ವಾಯವ್ಯದ ಶಹಬಾಜ್‌ಗಢಿಯ ಅಶೋಕ ಶಾಸನದಲ್ಲಿ ‘ದಿಪಿ’ ಅಂತಲೇ ಇದೆ. ನಮ್ಮ ಚಿತ್ರದುರ್ಗದ ಬ್ರಹ್ಮಗಿರಿಯಲ್ಲಿ ಚಪಡ ಅನ್ನುವ ಲಿಪಿಕಾರ ಶಾಸನವನ್ನೆಲ್ಲ ಬ್ರಾಹ್ಮಿಯಲ್ಲಿ ಬರೆದು, ಕೊನೆಗೆ ‘ಲಿಪಿಕರೇಣ’ ಅನ್ನೋದನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ಗಾಂಧಾರದ ಕಡೆಯ ಲಿಪಿ ಅದು. ನಮ್ಮ ನೆಲದ ಮೊದಲ ಗುಮಾಸ್ತನೇ ಎರವಲು ಸಾಮಾನು ತಂದಿದ್ದ. ನೀವು ಈಗ ಬಾಗಿಲು ಹಾಕುತ್ತೀರಾ?

ಹಾವೇರಿಯಿಂದ, 1.20

ಅಕ್ಕಾರೇ, ಆಗ ಅರಸರ ಆಳು ತಂದ. ಈಗ ಸೋಮಾರಿತನದಿಂದ ತರುತ್ತೇವೆ. ಅದು ಬೇರೆ, ಇದು ಬೇರೆ.

ಮಾಳಮಡ್ಡಿಯಿಂದ, 1.35

ಖುರ್ಚಿ ಮೇಲೆ ಕೂತು ಬರೆದಿರಾ, ಮಣೆ ಮೇಲೆ ಕೂತು ಬರೆದಿರಾ?

ಹುಬ್ಬಳ್ಳಿಯಿಂದ, 2.10

ಜಗಳ ಆಮೇಲೆ. ಬೆರಳಚ್ಚು ಒಂಟಿಯಾಗಿ ಹಾಕಬೇಡಿ ತಮ್ಮಾ. ಪೇಪರ್ ಓದುವವರಿಗೆ ‘ಬೆರಳಚ್ಚು ತಜ್ಞರು’ ಅಂದರೆ ಕಳವಾದ ಮನೆಗೆ ಶ್ವಾನದಳದ ಜೊತೆ ಬರುವವರು. ನಿಮ್ಮ ಮೂವರು ಹುಡುಗಿಯರ ಫೋಟೋ ಕೆಳಗೆ ‘ಅಂತರರಾಷ್ಟ್ರೀಯ ಬೆರಳಚ್ಚು’ ಅಂತಿದ್ದರೆ ಓಣಿಯವರು ಬೇರೇನೋ ತಿಳಿಯುತ್ತಾರೆ. ‘ಟೈಪಿಂಗ್ (ಬೆರಳಚ್ಚು)’ ಅಂತ ಇರಲಿ. ಇನ್ನೊಂದು, ಹತ್ತು ನಿಮಿಷ ಅಂತ ಹಾಕೋದಾದರೆ ‘ಆನ್‌ಲೈನ್’ ಅನ್ನೋದನ್ನು ಬಿಡಬೇಡಿ. ಸಮಾವೇಶಕ್ಕೆ ಹೋಗಿ ಕೂರುವ ಟೈಪಿಂಗ್ ಮೂವತ್ತು ನಿಮಿಷದ್ದು. ಗೊತ್ತಿದ್ದವರು ಯಾರಾದರೂ ನೋಡಿದರೆ ನಗುತ್ತಾರೆ.

ಧಾರವಾಡದಿಂದ, ಸಂಜೆ 5.40

ಕಳಿಸಿದೆ. ಶೀಘ್ರಲಿಪಿ ಹಾಗೇ ಉಳಿಯಿತು. ಟೈಪಿಂಗ್‌ಗೆ ಕಂಸದಲ್ಲಿ ಬೆರಳಚ್ಚು ಸೇರಿತು. ಮೂರನೆಯದು ‘ಮಾತು ಹಿಡಿದು ಬರೆಯುವ ಸ್ಪರ್ಧೆ’. ಹುಬ್ಬಳ್ಳಿ ಸರ್ ಹೇಳಿದ ‘ಹಿಡಿ’ ಅದರಲ್ಲಿದೆ, ಹಾವೇರಿಯವರ ಅಚ್ಚಗನ್ನಡವೂ ಮುಕ್ಕಾಲು ಪಾಲು ಇದೆ. ಉದ್ದ ಜಾಸ್ತಿ ಆಯ್ತು ಅಂತ ಅಂಗಡಿ ಹುಡುಗ ಅಕ್ಷರ ಸಣ್ಣ ಮಾಡಿದ್ದಾನೆ. ಅಣ್ಣ ಅದನ್ನು ಓದಿ ನೋಡಿ ‘ಇದು ಪದ ಅಲ್ಲ, ವಾಕ್ಯ’ ಅಂದ. ಆದರೆ ಪಕ್ಕದ ಚಹಾದಂಗಡಿಯವರಿಗೆ ಓದಿದ ಕೂಡಲೇ ಅರ್ಥ ಆಯ್ತು. ಎಲ್ಲರಿಗೂ ಥ್ಯಾಂಕ್ಸ್.

ಗದಗದಿಂದ, 6.15

ಮೋಡಿ ಮರಾಠಿಯದು ಅನ್ನುವವರು ಕನ್ನಡದಲ್ಲಿ ‘ಮೋಡಿ ಹಾಕು’ ಎಲ್ಲಿಂದ ಬಂತು ಅಂತ ಹೇಳಲಿ. ಮಧ್ಯಾಹ್ನದಿಂದ ಕಾಯುತ್ತಿದ್ದೇನೆ.